ಪ್ರಶ್ನೋತ್ತರ: ಲಂಡನ್ನಿನ ಕಡತಗಳಲ್ಲಿ ಉಳಿದುಕೊಂಡ ಬೆಕ್ಕುಗಳು

ಬ್ರಿಟನ್ನಿನ ಪ್ರಧಾನಿಯ ನಿವಾಸವಾದ ಡೌನಿಂಗ್ ಸ್ಟ್ರೀಟಿನ 10ನೆಯ ಮನೆಗೆ 2011ರ ಫೆಬ್ರವರಿಯಲ್ಲಿ ಬ್ಯಾಟರ್ಸಿಯ ಪ್ರಾಣಿ ಆಶ್ರಯಧಾಮದಿಂದ ಬಂದ ಲ್ಯಾರಿ ಎಂಬ ಬೆಕ್ಕು, ಪ್ರಧಾನಿಗಳು ಒಬ್ಬರ ಹಿಂದೊಬ್ಬರು ಬದಲಾದರೂ ತಾನು ಮಾತ್ರ ಅಲ್ಲಿಯೇ ಉಳಿದುಕೊಂಡ ಸಂಗತಿಯನ್ನು ಹಿಂದಿನ ಸಂಚಿಕೆಯ ಕಿರುಬರಹದಲ್ಲಿ ಪ್ರಕಟಿಸಿದ್ದೆವು. ಅದನ್ನು ಓದಿದ ಹಲವರು ಆ ನಗರದ ಹಳೆಯ ಬೆಕ್ಕುಗಳ ಬಗ್ಗೆ ಕೇಳಿ ಬರೆದಿದ್ದಾರೆ. ಅವುಗಳಲ್ಲಿ ಕೆಲವು ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ದಿನಚರಿ, ಪತ್ರ, ಕಚೇರಿಯ ಕಡತ, ಸಂಸತ್ತಿನ ನಡಾವಳಿ ಮುಂತಾದ ಬರಹದ ಆಧಾರವಿರುವುದನ್ನು ನಡೆದ ಸಂಗತಿಯೆಂದೂ, ಬಾಯಿಂದ ಬಾಯಿಗೆ ಬಂದದ್ದನ್ನು ಕಥೆಯೆಂದೂ ಬೇರೆ ಬೇರೆಯಾಗಿಯೇ ಹೇಳಿದ್ದೇನೆ.

ಪ್ರಶ್ನೆ: ಬಡ ಹುಡುಗ ಡಿಕ್ ವಿಟಿಂಗ್ಟನ್ ತನ್ನ ಬೆಕ್ಕನ್ನು ಹಡಗಿನಲ್ಲಿ ಕಳುಹಿಸಿ, ಇಲಿಗಳ ಕಾಟದಿಂದ ಬೇಸತ್ತ ದೂರದೇಶದ ಅರಸ ಅದಕ್ಕೆ ರಾಶಿ ಚಿನ್ನ ಕೊಟ್ಟು, ಹುಡುಗ ಮುಂದೆ ಲಂಡನ್ನಿನ ಮೇಯರ್ ಆದ ಕಥೆಯನ್ನು ಶಾಲೆಯಲ್ಲಿ ಓದಿದ್ದೆ. ಇದು ನಿಜವೇ, ಅಥವಾ ಬಿಸಿ ಹಾಲು ಕುಡಿಸಿ ಬೆಕ್ಕಿಗೆ ಹಾಲೆಂದರೆ ಓಡುವಂತೆ ಮಾಡಿದ ನಮ್ಮ ತೆನಾಲಿ ರಾಮನ ಕಥೆಯಂತೆ ಕಟ್ಟಿದ್ದೇ? — ಶಿವಮೊಗ್ಗದ ಓದುಗರು

ಮನುಷ್ಯ ನಿಜ, ಬೆಕ್ಕು ಕಥೆ. ರಿಚರ್ಡ್ ವಿಟಿಂಗ್ಟನ್ ರೇಷ್ಮೆ, ಮಕಮಲ್ಲುಗಳ ದೊಡ್ಡ ವ್ಯಾಪಾರಿಯಾಗಿದ್ದರು. ಅರಸರಿಗೇ ಸಾಲ ಕೊಡುವಷ್ಟು ಅನುಕೂಲಸ್ಥರು. 1397ರಲ್ಲಿ ಅರಸನೇ ಅವರನ್ನು ಮೇಯರ್ ಪದವಿಗೆ ನೇಮಿಸಿದನು. ಅದೇ ವರ್ಷ ಚುನಾಯಿತರೂ ಆಗಿ, ಮತ್ತೆ 1406 ಮತ್ತು 1419ರಲ್ಲಿ ಆ ಪದವಿಯನ್ನು ವಹಿಸಿದರು. ಹುಟ್ಟಿದ್ದು ಗ್ಲಾಸ್ಟರ್‌ಶೈರಿನ ಜಮೀನುದಾರ ಮನೆತನದಲ್ಲಿ, ಆದ್ದರಿಂದ ಕಥೆಯಲ್ಲಿ ಬರುವ ಅನಾಥ ಬಡತನವೂ ಕಲ್ಪನೆಯೇ. 1423ರಲ್ಲಿ ಅವರು ತೀರಿಕೊಂಡಾಗ ಆಸ್ತಿಯೆಲ್ಲ ಸೆರೆಮನೆಯ ಪುನರ್ನಿರ್ಮಾಣ, ವೃದ್ಧಾಶ್ರಮ ಮುಂತಾದ ಸಾರ್ವಜನಿಕ ಕೆಲಸಗಳಿಗೆ ಹೋಯಿತು. ಬೆಕ್ಕು ಈ ಬದುಕಿನೊಳಕ್ಕೆ ನುಸುಳಿದ್ದು ಸುಮಾರು ಇನ್ನೂರು ವರ್ಷಗಳ ನಂತರ, ಹದಿನೇಳನೆಯ ಶತಮಾನದ ಆರಂಭದಲ್ಲಿ. ಬೆಕ್ಕಿಲ್ಲದ ನಾಡಿಗೆ ಬೆಕ್ಕನ್ನು ಮಾರಿ ಸಿರಿವಂತನಾದವನ ಕಥೆ ಬೇರೆ ದೇಶಗಳಲ್ಲಿಯೂ ಇದೆ. ಲಂಡನ್ನಿನವರು ಅದನ್ನು ತಮ್ಮ ಮೆಚ್ಚಿನ ಮೇಯರನಿಗೆ ಅಂಟಿಸಿದರು. ಕೃಷ್ಣದೇವರಾಯ ನಿಜ, ಹಾಲೊಲ್ಲದ ಬೆಕ್ಕು ಕಥೆ ಎಂಬಲ್ಲಿಗೆ ನಿಮ್ಮ ಹೋಲಿಕೆ ಸರಿಯಾಗಿಯೇ ಇದೆ.

ಪ್ರಶ್ನೆ: ಹಾಗಾದರೆ ಬರಹದ ಆಧಾರವಿರುವ ಹಳೆಯ ಘಟನೆ ಯಾವುದು? 1665ರ ಪ್ಲೇಗಿನ ಕಾಲದಲ್ಲಿ ಲಂಡನ್ನಿನ ಬೆಕ್ಕುಗಳನ್ನೆಲ್ಲ ಕೊಂದರೆಂದು ಕೇಳಿದ್ದೇನೆ. — ಧಾರವಾಡದ ಓದುಗರು

ನೀವು ಕೇಳಿದ್ದು ನಿಜ, ಮತ್ತು ಈ ಅಂಕಣದಲ್ಲಿ ಬರೆಯಲು ಅತ್ಯಂತ ಕಷ್ಟವಾಗುವ ಎರಡು ಸಂಗತಿಗಳಲ್ಲಿ ಇದೊಂದು. 1665ರಲ್ಲಿ ಪ್ಲೇಗ್ ಹಬ್ಬಿದಾಗ ನಾಯಿ, ಬೆಕ್ಕುಗಳು ಮೈಮೇಲೆ ರೋಗವನ್ನು ಹೊತ್ತು ಮನೆಯಿಂದ ಮನೆಗೆ ಒಯ್ಯುತ್ತವೆಯೆಂದು ನಂಬಿದ ನಗರಾಡಳಿತ ಅವುಗಳನ್ನು ಕೊಲ್ಲಲು ಆಜ್ಞೆ ಹೊರಡಿಸಿತು. ನಲವತ್ತು ಸಾವಿರ ನಾಯಿಗಳೂ ಅದರ ಐದರಷ್ಟು ಬೆಕ್ಕುಗಳೂ ಸತ್ತವೆಂಬ ಲೆಕ್ಕವೊಂದು ಪುಸ್ತಕಗಳಲ್ಲಿ ಓಡಾಡುತ್ತದೆ. ಅದರ ಮೂಲ 1722ರಲ್ಲಿ ಡೇನಿಯಲ್ ಡಿಫೋ ಬರೆದ ಕೃತಿ. ಪ್ಲೇಗಿನ ವರ್ಷದಲ್ಲಿ ಡಿಫೋ ಎಳೆಯ ಮಗು. ಅಲ್ಲದೆ, ಜನ ಹಾಗೆ ಹೇಳುತ್ತಿದ್ದರೆಂದಷ್ಟೇ ಆ ಬರಹದಲ್ಲಿಯೂ ಇದೆ. ಆದ್ದರಿಂದ ಆಜ್ಞೆಯನ್ನು ಒಪ್ಪಬಹುದು, ಸಂಖ್ಯೆಯನ್ನು ಒಪ್ಪಲಾಗದು.

ಪ್ಲೇಗಿನಲ್ಲಿ ಇಲಿ ಮತ್ತು ಚಿಗಟಗಳ ಪಾತ್ರವೇನೆಂಬುದು ಗೊತ್ತಾಗಲು ಇನ್ನೂ 230 ವರ್ಷ ಕಳೆಯಬೇಕಾಯಿತು. ರೋಗಾಣುವನ್ನು ಅಲೆಕ್ಸಾಂಡರ್ ಎರ್ಸಿನ್ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಗುರುತಿಸಿದರು. ಇಲಿಯ ಚಿಗಟದಿಂದ ರೋಗ ಹರಡುವುದನ್ನು ಪಾಲ್ ಲೂಯಿ ಸಿಮೋನ್ 1898ರಲ್ಲಿ ಕರಾಚಿಯಲ್ಲಿ ತೋರಿಸಿದರು. ಅದೇ 1898ರಲ್ಲಿ ಬೆಂಗಳೂರು, ಮೈಸೂರುಗಳಿಗೂ ಪ್ಲೇಗ್ ಬಂದಿತು. ಮನೆಯಲ್ಲಿ ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದ ನಮ್ಮ ಹಿರಿಯರು, ಪ್ಲೇಗಮ್ಮನಿಗೆ ಗುಡಿ ಕಟ್ಟಿದವರೇ ಆದರೂ, ಲಂಡನ್ನಿನ ಆ ನಗರಾಡಳಿತಕ್ಕಿಂತ ಸರಿಯಾದ ಪ್ರಾಣಿಯ ಮೇಲೆ ಕಣ್ಣಿಟ್ಟಿದ್ದರು. ಬೆಕ್ಕುಗಳನ್ನು ಕೊಂದದ್ದರಿಂದಲೇ ಲಂಡನ್ನಿನಲ್ಲಿ ಸಾವು ಹೆಚ್ಚಿತೆಂದು ಈಗ ಹಲವರು ಬರೆಯುತ್ತಾರೆ. ಅದನ್ನು ಸಾಬೀತುಪಡಿಸುವ ಲೆಕ್ಕವಿಲ್ಲ. ಬೆಕ್ಕುಗಳಿಗೂ ಪ್ಲೇಗ್ ತಗಲುತ್ತದೆಂಬುದನ್ನೂ ಮರೆಯಬಾರದು. ಭಯದಲ್ಲಿದ್ದ ನಗರವು ಕೈಗೆ ಸುಲಭವಾಗಿ ಸಿಕ್ಕ ಪ್ರಾಣಿಯ ಮೇಲೆ ತಪ್ಪು ಹೊರಿಸಿತೆಂದು ಮಾತ್ರ ಖಚಿತವಾಗಿ ಹೇಳಬಹುದು.

ಒಂದೇ ಒಂದು ಬೆಕ್ಕಿನ ಬಗ್ಗೆ, ಕಣ್ಣಾರೆ ಕಂಡವರು ಆ ದಿನಗಳಲ್ಲಿಯೇ ಬರೆದಿಟ್ಟ ಮಾತು ಮರುವರ್ಷದ್ದು. 1666ರ ಸೆಪ್ಟೆಂಬರ್ 2ರಂದು ಬೇಕರಿಯೊಂದರಲ್ಲಿ ಹೊತ್ತಿಕೊಂಡ ಬೆಂಕಿ ನಾಲ್ಕೈದು ದಿನಗಳಲ್ಲಿ 13,000ಕ್ಕೂ ಹೆಚ್ಚು ಮನೆಗಳನ್ನು ಸುಟ್ಟಿತು. ನೌಕಾಪಡೆಯ ಆಡಳಿತದಲ್ಲಿದ್ದ ಸ್ಯಾಮ್ಯುಯೆಲ್ ಪೀಪ್ಸ್ ಸೆಪ್ಟೆಂಬರ್ 5ರಂದು, ಕಾಲಿಟ್ಟರೆ ಅಡಿ ಸುಡುತ್ತಿದ್ದ ಬೀದಿಗಳಲ್ಲಿ ನಡೆದಾಡಿ, ಆ ದಿನದ ದಿನಚರಿಯಲ್ಲಿ ವ್ಯಾಪಾರ ವಿನಿಮಯ ಭವನದ ಗೋಡೆಗೆ ಸೇರಿದ್ದ ಹೊಗೆಗೂಡಿನ ಪೊಟರೆಯೊಂದರಿಂದ ಬಡಪಾಯಿ ಬೆಕ್ಕನ್ನು ಹೊರತೆಗೆದದ್ದನ್ನು ಕಂಡೆನೆಂದೂ, ಅದರ ಮೈಕೂದಲೆಲ್ಲ ಸುಟ್ಟುಹೋಗಿದ್ದರೂ ಜೀವವಿತ್ತೆಂದೂ ಬರೆದರು. ನಗರದ ಬಹುಭಾಗ ಬೂದಿಯಾದ ವಾರದಲ್ಲಿ, ನೂರು ಕೆಲಸಗಳ ನಡುವೆ ಅವರು ಆ ಸಾಲನ್ನು ಬರೆಯಲು ಬಿಡುವು ಮಾಡಿಕೊಂಡದ್ದು ದೊಡ್ಡದು. ಹಿಂದಿನ ವರ್ಷ ಕೊಲ್ಲಿಸಿಕೊಂಡವುಗಳಲ್ಲಿ ಒಂದಕ್ಕಾದರೂ ಅಂತಹ ಸಾಲು ದಕ್ಕಲಿಲ್ಲ.

ಪ್ರಶ್ನೆ: ನಾನು ಅಂಚೆ ಇಲಾಖೆಯಿಂದ ನಿವೃತ್ತನಾದವನು. ಲಂಡನ್ನಿನ ಅಂಚೆ ಕಚೇರಿಯಲ್ಲಿ ಬೆಕ್ಕುಗಳಿಗೆ ಸಂಬಳವಿತ್ತೆಂದು ಸಹೋದ್ಯೋಗಿಗಳು ಹೇಳುತ್ತಿದ್ದರು. ನಂಬಬಹುದೇ? — ಹುಬ್ಬಳ್ಳಿಯ ಓದುಗರು

ಪೂರ್ತಿಯಾಗಿ ನಂಬಬಹುದು. 1868ರಲ್ಲಿ ಲಂಡನ್ನಿನ ಮನಿಯಾರ್ಡರ್ ಕಚೇರಿಯಲ್ಲಿ ಇಲಿಗಳು ಕಾಗದಪತ್ರಗಳನ್ನು ಕಡಿದು ಹಾಳುಮಾಡುತ್ತಿದ್ದುದರಿಂದ, ಅಲ್ಲಿನ ಮೇಲಧಿಕಾರಿ ಮೂರು ಬೆಕ್ಕುಗಳನ್ನು ಸಾಕಲು ವಾರಕ್ಕೆ ಎರಡು ಶಿಲ್ಲಿಂಗ್ ಮಂಜೂರು ಮಾಡಬೇಕೆಂದು ಕೇಳಿದರು. ಇಲಾಖೆಯ ಕಾರ್ಯದರ್ಶಿಗಳ ಉತ್ತರವನ್ನು ನೀವು ಓದಿದರೆ ನಿಮ್ಮ ಸೇವಾವಧಿಯ ಎಷ್ಟೋ ಟಿಪ್ಪಣಿಗಳು ನೆನಪಾಗುತ್ತವೆ. ಮೂರು ಬೆಕ್ಕುಗಳನ್ನು ಪರೀಕ್ಷಾರ್ಥವಾಗಿ ಇಟ್ಟುಕೊಳ್ಳಬಹುದು. ಅವು ಅರ್ಹತಾ ಪರೀಕ್ಷೆಗೆ ಒಳಪಡಬೇಕು, ಹೆಣ್ಣು ಬೆಕ್ಕುಗಳಾದರೆ ಒಳ್ಳೆಯದು. ಅತಿಯಾಗಿ ತಿನ್ನಿಸಕೂಡದಾದ್ದರಿಂದ ವಾರಕ್ಕೆ ಒಂದು ಶಿಲ್ಲಿಂಗಿಗಿಂತ ಹೆಚ್ಚು ಕೊಡಲಾಗದು. ಮಿಕ್ಕ ಸಂಭಾವನೆಯನ್ನು ಅವು ಇಲಿಗಳ ರೂಪದಲ್ಲಿಯೇ ಪಡೆದುಕೊಳ್ಳಬೇಕು. ಆರು ತಿಂಗಳೊಳಗೆ ಇಲಿಗಳ ಸಂಖ್ಯೆ ತಗ್ಗದಿದ್ದರೆ ಈ ಭತ್ಯೆಯಲ್ಲಿಯೂ ಒಂದು ಪಾಲನ್ನು ಕಡಿತಗೊಳಿಸಲಾಗುವುದು ಎಂಬುದು ಆ ಆದೇಶದ ಸಾರ. ಒಂದು ಶಿಲ್ಲಿಂಗ್ ಎಂದರೆ ಹನ್ನೆರಡು ಪೆನ್ನಿ, ಅಂದರೆ ಮೂರು ಬೆಕ್ಕುಗಳಿಗೆ ದಿನವೊಂದಕ್ಕೆ ಸಿಕ್ಕದ್ದು ಎರಡು ಪೆನ್ನಿಯೂ ಅಲ್ಲ. ಬೆಕ್ಕುಗಳು ಕೆಲಸದಲ್ಲಿ ಗೆದ್ದವು. ಪದ್ಧತಿ ನೆಲೆಯೂರಿತು, ಬೇರೆ ಅಂಚೆ ಕಚೇರಿಗಳಿಗೂ ಹಬ್ಬಿತು.

ಈ ವಿಷಯ 1953ರಲ್ಲಿ ಸಂಸತ್ತಿನವರೆಗೂ ಹೋಯಿತು. ಅಂಚೆ ಕಚೇರಿಯ ಬೆಕ್ಕುಗಳ ಭತ್ಯೆ ಕೊನೆಯ ಸಲ ಏರಿದ್ದು ಯಾವಾಗ ಎಂದು ಸದಸ್ಯರೊಬ್ಬರು ಕೇಳಿದಾಗ, ಸಹಾಯಕ ಪೋಸ್ಟ್‌ಮಾಸ್ಟರ್ ಜನರಲ್ ಆಗಿದ್ದ ಗ್ಯಾಮನ್ಸ್ ಅವರು 1918ರ ಜುಲೈಯಿಂದ ಸಾಮಾನ್ಯ ಏರಿಕೆಯೇನೂ ಆಗಿಲ್ಲವೆಂದು ಒಪ್ಪಿಕೊಂಡರು. ಭತ್ಯೆ ಊರಿಂದೂರಿಗೆ ಬೇರೆಯಾಗಿದೆ, ಹಿಡಿದ ಇಲಿಯ ಲೆಕ್ಕದಲ್ಲಿ ಬೋನಸ್ ಕೊಡುವ ಯೋಜನೆಯನ್ನು ರೂಪಿಸಲಾಗಲಿಲ್ಲ, ಈ ನೌಕರರು ಹೇಳದೆ ಕೇಳದೆ ದೀರ್ಘಕಾಲ ಗೈರುಹಾಜರಾಗುತ್ತಾರೆ ಎಂದು ಅವರು ಸದನಕ್ಕೆ ವಿವರಿಸಿದರು. ಸದನ ನಕ್ಕಿರಬಹುದು, ಆದರೂ ಪ್ರಶ್ನೆ ಮತ್ತು ಉತ್ತರ ಎರಡೂ ಅಧಿಕೃತ ನಡಾವಳಿಯಲ್ಲಿ ಅಚ್ಚಾಗಿವೆ.

ಆ ಸಾಲಿನಲ್ಲಿ ಎಲ್ಲಕ್ಕಿಂತ ಹೆಸರು ಮಾಡಿದ್ದು ಸೇಂಟ್ ಮಾರ್ಟಿನ್ಸ್ ಲೆ ಗ್ರಾಂಡ್ ಬೀದಿಯ ಪ್ರಧಾನ ಕಚೇರಿಯ ಟಿಬ್ಸ್. ಹತ್ತು ಕಿಲೋ ಮೀರಿದ ತೂಕದ ಈ ಗಂಡು ಬೆಕ್ಕಿಗೆ ವಾರಕ್ಕೆ ಎರಡೂವರೆ ಶಿಲ್ಲಿಂಗ್ ಭತ್ಯೆ; ವಾಸ ನೆಲಮಾಳಿಗೆಯ ನೌಕರರ ಉಪಾಹಾರ ಕೋಣೆಯಲ್ಲಿ. 1964ರಲ್ಲಿ ತನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ ಅದು ಸತ್ತಾಗ ಇಲಾಖೆಯ ಪತ್ರಿಕೆ ಅದಕ್ಕೆ ಶ್ರದ್ಧಾಂಜಲಿ ಪ್ರಕಟಿಸಿತು. ಪ್ರಧಾನ ಕಚೇರಿಯ ಕೊನೆಯ ಬೆಕ್ಕು ಬ್ಲ್ಯಾಕಿ 1984ರಲ್ಲಿ ಸತ್ತಿತು. ಹಾಗೆಯೇ 1929ರ ಜೂನ್ ತಿಂಗಳಲ್ಲಿ ಗೃಹ ಇಲಾಖೆಯೂ ಕಚೇರಿಯ ಬೆಕ್ಕಿಗೆಂದು ಚಿಲ್ಲರೆ ವೆಚ್ಚದ ಬಾಬಿನಿಂದ ದಿನಕ್ಕೆ ಒಂದು ಪೆನ್ನಿಯನ್ನು ಮಂಜೂರು ಮಾಡಿತ್ತು. ಲ್ಯಾರಿಯ ಹುದ್ದೆಗೆ ಇಂತಹ ಹಿನ್ನೆಲೆಯಿದೆ.

ಪ್ರಶ್ನೆ: ನಿಘಂಟುಕಾರ ಡಾ. ಜಾನ್ಸನ್ ಬೆಕ್ಕು ಸಾಕಿದ್ದರೇ? — ಮೈಸೂರಿನ ಓದುಗರು

ಹೌದು, ಅದರ ಹೆಸರು ಹಾಜ್. ಜಾನ್ಸನ್ನರ ಜೀವನಚರಿತ್ರೆ ಬರೆದ ಬಾಸ್ವೆಲ್ ಅವರಿಗೆ ಬೆಕ್ಕು ಕಂಡರೆ ಆಗುತ್ತಿರಲಿಲ್ಲ. ಆದರೂ ಪ್ರಾಮಾಣಿಕವಾಗಿ ಎಲ್ಲವನ್ನೂ ಬರೆದಿಟ್ಟರು. ಆಯ್‌ಸ್ಟರ್ ಎಂಬ ಸಮುದ್ರದ ಚಿಪ್ಪುಜೀವಿ ಆಗ ಲಂಡನ್ನಿನಲ್ಲಿ ಬಡವರ ಆಹಾರ. ಅದನ್ನು ಹಾಜ್‌ಗೆ ತರಲು ಜಾನ್ಸನ್ ತಾವೇ ಅಂಗಡಿಗೆ ಹೋಗುತ್ತಿದ್ದರು, ಏಕೆಂದರೆ ಬೆಕ್ಕಿನ ಚಾಕರಿಗೆ ಆಳುಗಳನ್ನು ಅಟ್ಟಿದರೆ ಅವರಿಗೆ ಆ ಮೂಕಪ್ರಾಣಿಯ ಮೇಲೆ ಸಿಟ್ಟು ಹುಟ್ಟೀತೆಂಬ ಚಿಂತೆ ಅವರದು. ಹಾಜ್ ಚೆನ್ನಾಗಿದೆಯೆಂದು ಬಾಸ್ವೆಲ್ ಹೇಳಿದಾಗ, ಇದಕ್ಕಿಂತ ನನಗೆ ಮೆಚ್ಚಿಗೆಯಾದ ಬೆಕ್ಕುಗಳಿದ್ದವೆಂದು ಜಾನ್ಸನ್ ಉತ್ತರಿಸಿದರು. ಆದರೆ ಹಾಜ್ ಎಲ್ಲಿ ಮುಖ ಸಣ್ಣದು ಮಾಡಿಕೊಂಡಿತೋ ಎಂಬಂತೆ ಆ ಕೂಡಲೇ, ಇದೂ ಬಹಳ ಒಳ್ಳೆಯ ಬೆಕ್ಕೇ ಎಂದು ಸೇರಿಸಿದರು. ಬೆಕ್ಕಿನ ಮನಸ್ಸನ್ನೂ ಆಳಿನ ಮನಸ್ಸನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡ ಈ ನಡೆ ನನಗೆ ಅವರ ನಿಘಂಟಿನಷ್ಟೇ ಗೌರವಾರ್ಹವಾಗಿ ತೋರುತ್ತದೆ.

ಪ್ರಶ್ನೆ: ದೊಡ್ಡವರ, ಕಚೇರಿಗಳ ಬೆಕ್ಕುಗಳ ಮಾತಾಯಿತು. ಸಾಮಾನ್ಯರ ಮನೆಯ ಬೆಕ್ಕುಗಳು ಏನು ತಿನ್ನುತ್ತಿದ್ದವು? — ಉಡುಪಿಯ ಓದುಗರು

ಕುದುರೆಯ ಮಾಂಸ. ಹತ್ತೊಂಬತ್ತನೆಯ ಶತಮಾನದ ಲಂಡನ್ ಕುದುರೆಗಳ ಮೇಲೆ ಓಡುತ್ತಿದ್ದ ನಗರ. ದುಡಿದು ಸತ್ತ ಕುದುರೆಗಳ ಮಾಂಸವನ್ನು ಕಸಾಯಿ ಅಂಗಳಗಳಲ್ಲಿ ಬೇಯಿಸಿ, ಬೆಕ್ಕಿನ ಮಾಂಸದವರು ಎಂದು ಕರೆಸಿಕೊಳ್ಳುತ್ತಿದ್ದ ಬೀದಿ ವ್ಯಾಪಾರಿಗಳಿಗೆ ಮಾರುತ್ತಿದ್ದರು. ಅವರು ಅದನ್ನು ಚೂರು ಮಾಡಿ, ಮರದ ಕಡ್ಡಿಗಳಿಗೆ ಚುಚ್ಚಿ, ಕಾಲು, ಅರ್ಧ, ಒಂದು ಪೆನ್ನಿಯ ಲೆಕ್ಕದಲ್ಲಿ ಮನೆಮನೆಗೆ ವರ್ತನೆಯಂತೆ ಕೊಡುತ್ತಿದ್ದರು. ಹೊತ್ತಿಗೆ ಸರಿಯಾಗಿ ಬರುವ ಅವರ ಕೂಗಿಗೆ ಬೀದಿಯ ಬೆಕ್ಕುಗಳೆಲ್ಲ ಬಾಗಿಲಿಗೆ ಬರುತ್ತಿದ್ದವು. ಲಂಡನ್ನಿನ ದುಡಿಯುವ ಬಡವರ ಬದುಕನ್ನು 1850ರ ಆಸುಪಾಸಿನಲ್ಲಿ ಅವರ ಬಾಯಿಂದಲೇ ಕೇಳಿ ಬರೆದ ಹೆನ್ರಿ ಮೇಹ್ಯೂ ಅವರಿಗೆ ಇಂತಹ ವ್ಯಾಪಾರಿಯೊಬ್ಬರು ತಮ್ಮ ಗಿರಾಕಿಯಾಗಿದ್ದ ಕಪ್ಪು ಮಹಿಳೆಯೊಬ್ಬರ ಸಂಗತಿ ಹೇಳಿದ್ದರು. ಆಕೆ ದಿನಕ್ಕೆ ಹದಿನಾರು ಪೆನ್ನಿಯ ಮಾಂಸ ಕೊಂಡು, ಮನೆಯ ಮಾಡಿನ ಮೇಲೆ ಹತ್ತಿ, ಹೆಂಚಿನ ಮೇಲೆ ನೆರೆದ ಬೀಡಾಡಿ ಬೆಕ್ಕುಗಳಿಗೆ ಎಸೆಯುತ್ತಿದ್ದರಂತೆ. ನೆರೆಹೊರೆಯವರು ಗದ್ದಲ ತಾಳಲಾರದೆ ದೂರು ಕೊಟ್ಟರಂತೆ. ಮೇಲೆ ಹೇಳಿದ ಅಂಚೆ ಕಚೇರಿ ಮೂರು ಬೆಕ್ಕುಗಳಿಗೆ ಇಡೀ ವಾರಕ್ಕೆ ಕೊಟ್ಟದ್ದು ಹನ್ನೆರಡು ಪೆನ್ನಿ ಎಂಬುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು.

ಬೆಕ್ಕುಗಳ ಸ್ಥಾನಮಾನ ಏರಿದ್ದು ಇದೇ ಶತಮಾನದಲ್ಲಿ. 1871ರ ಜುಲೈ 13ರಂದು ಚಿತ್ರಕಾರ ಹ್ಯಾರಿಸನ್ ವಿಯರ್ ಅವರು ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಬೆಕ್ಕುಗಳ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿದರು. 1860ರಲ್ಲಿ ನಾಯಿಗಳಿಗೆಂದು ಆರಂಭವಾಗಿ ಬ್ಯಾಟರ್ಸಿಗೆ ಸ್ಥಳಾಂತರವಾಗಿದ್ದ ಆಶ್ರಯಧಾಮ 1883ರಿಂದ ಬೆಕ್ಕುಗಳನ್ನೂ ಸೇರಿಸಿಕೊಂಡಿತು.

ಪ್ರಶ್ನೆ: ಎರಡನೆಯ ಮಹಾಯುದ್ಧದಲ್ಲಿ ಬಾಂಬ್ ಬಿದ್ದ ಚರ್ಚಿನ ಅವಶೇಷದಡಿ ಮರಿಯೊಂದಿಗೆ ಬದುಕುಳಿದ ಬೆಕ್ಕಿನ ಬಗ್ಗೆ ವಿವರವಾಗಿ ತಿಳಿಸಿ. — ಮಂಗಳೂರಿನ ಓದುಗರು

ಆ ಬೆಕ್ಕಿನ ಹೆಸರು ಫೇತ್. ಅದರ ಕಥೆಗೆ ಮೊದಲು, ಅದರ ಹಿಂದಿನ ವರ್ಷದ ಸಂಗತಿಯನ್ನು ಹೇಳಲೇಬೇಕು. ಕಷ್ಟವಾಗುವ ಎರಡನೆಯ ಸಂಗತಿ ಅದು. 1939ರ ಬೇಸಿಗೆಯಲ್ಲಿ ಯುದ್ಧದ ಸಿದ್ಧತೆಗೆಂದು ಸರ್ಕಾರ ನೇಮಿಸಿದ ಪ್ರಾಣಿರಕ್ಷಣಾ ಸಮಿತಿಯೊಂದು, ಸಾಕುಪ್ರಾಣಿಗಳನ್ನು ಹಳ್ಳಿಗೆ ಕಳುಹಿಸಿರಿ, ಆಗದಿದ್ದರೆ ಅವುಗಳಿಗೆ ನೋವಿಲ್ಲದ ಸಾವು ಕೊಡಿಸುವುದೇ ದಯೆ ಎಂಬ ಸಲಹೆಯ ಕರಪತ್ರ ಹಂಚಿತು. ಸೆಪ್ಟೆಂಬರ್ 3ರಂದು ಯುದ್ಧ ಘೋಷಣೆಯಾಯಿತು. ಅದರ ಮೊದಲ ವಾರದಲ್ಲಿಯೇ ಲಂಡನ್ ಒಂದರಲ್ಲಿ ಸುಮಾರು ನಾಲ್ಕು ಲಕ್ಷ ನಾಯಿ, ಬೆಕ್ಕುಗಳನ್ನು ಕೊಲ್ಲಿಸಲಾಯಿತೆಂದು ಇತಿಹಾಸಕಾರರ ಅಂದಾಜು. ಕೊಲ್ಲಬೇಕೆಂಬ ಆಜ್ಞೆ ಯಾವುದೂ ಇರಲಿಲ್ಲ. ಜನ ತಾವಾಗಿಯೇ ಪ್ರಾಣಿ ಚಿಕಿತ್ಸಾಲಯಗಳ ಮುಂದೆ ಸಾಲುಗಟ್ಟಿ ನಿಂತರು. ನಗರದ ಮೇಲೆ ಬಾಂಬ್ ಬೀಳಲು ಆರಂಭವಾದದ್ದು ಒಂದು ವರ್ಷದ ನಂತರ. ಅಷ್ಟರಲ್ಲಿ ಎಷ್ಟೋ ಮನೆಗಳವರು ಅವಸರಕ್ಕೆ ಪಶ್ಚಾತ್ತಾಪ ಪಟ್ಟಿದ್ದರು. 1665ರ ಆಜ್ಞೆ ಅಜ್ಞಾನದಿಂದ ಬಂದದ್ದೆಂದು ಕ್ಷಮಿಸಬಹುದು. ಇದನ್ನು ಹಾಗೆ ಕ್ಷಮಿಸಲು ನನಗೆ ಸಾಧ್ಯವಾಗುವುದಿಲ್ಲ.

ಇನ್ನು ಫೇತ್. 1936ರಲ್ಲಿ ಸೇಂಟ್ ಪಾಲ್ಸ್ ಮಹಾಚರ್ಚಿನ ಹತ್ತಿರದ ಸೇಂಟ್ ಆಗಸ್ಟಿನ್ ಚರ್ಚಿಗೆ ಬೀಡಾಡಿ ಪಟ್ಟೆ ಬೆಕ್ಕೊಂದು ಆಸರೆ ಹುಡುಕಿ ಬಂದಿತು. ಚರ್ಚಿನ ಸೇವಕರು ಮತ್ತೆ ಮತ್ತೆ ಹೊರಗಟ್ಟಿದರೂ ಹಿಂದಿರುಗಿ ಬಂದ ಅದನ್ನು ಪಾದ್ರಿ ಹೆನ್ರಿ ರಾಸ್ ಅವರು ಇಟ್ಟುಕೊಂಡರು. 1940ರ ಆಗಸ್ಟಿನಲ್ಲಿ ಅದು ಒಂದು ಮರಿ ಹಾಕಿತು. ಕಪ್ಪುಬಿಳುಪಿನ ಆ ಮರಿಗೆ ಪಾಂಡಾ ಎಂದು ಹೆಸರಿಟ್ಟರು. ಸೆಪ್ಟೆಂಬರ್ 6ರಂದು ಫೇತ್ ಪಾದ್ರಿಯ ಮನೆಯ ಮೇಲಂತಸ್ತಿನ ಬೆಚ್ಚಗಿನ ಬುಟ್ಟಿಯಿಂದ ಮರಿಯನ್ನು ಕಚ್ಚಿಕೊಂಡು ನೆಲಮಾಳಿಗೆಗೆ ಇಳಿಯಿತು. ರಾಸ್ ಅವರು ಮರಿಯನ್ನು ಮೇಲೆ ತಂದಷ್ಟು ಸಲವೂ ಅದು ಕೆಳಗೊಯ್ದಿತು. ಕೊನೆಗೆ ಅವರೇ ಸೋತು ಬುಟ್ಟಿಯನ್ನು ಕೆಳಗಿಳಿಸಿದರು. ಮೂರು ದಿನಗಳ ನಂತರ, ಸೆಪ್ಟೆಂಬರ್ 9ರ ರಾತ್ರಿ, ಮನೆಯ ಮೇಲೆ ಬಾಂಬ್ ಬಿದ್ದಿತು. ಆಗ ರಾಸ್ ಅವರು ಅಲ್ಲಿರಲಿಲ್ಲ. ಬೆಳಿಗ್ಗೆ ಬಂದಾಗ ಒಳಗೆ ಯಾವ ಜೀವವೂ ಉಳಿದಿರಲು ಸಾಧ್ಯವಿಲ್ಲವೆಂದು ಅಗ್ನಿಶಾಮಕದವರು ಹೇಳಿದರು. ರಾಸ್ ಅವರು ಒಪ್ಪದೆ, ಉರಿಯುತ್ತಿದ್ದ ತೊಲೆಗಳ ನಡುವೆ ಹೆಸರು ಹಿಡಿದು ಕೂಗಿದಾಗ ಕ್ಷೀಣವಾದ ದನಿ ಕೇಳಿಸಿತು. ಅವಶೇಷವನ್ನು ಸರಿಸಿ ನೋಡಿದರೆ ಫೇತ್ ಮರಿಯನ್ನು ಒಡಲಡಿಯಲ್ಲಿ ಇಟ್ಟುಕೊಂಡು, ಗಾಯವಿಲ್ಲದೆ, ಬೂದಿ ಮೆತ್ತಿಕೊಂಡು ಕುಳಿತಿತ್ತು.

ಬಾಂಬ್ ಬೀಳುವುದು ಅದಕ್ಕೆ ಮೊದಲೇ ಗೊತ್ತಿತ್ತೆಂದು ಭಕ್ತರು ನಂಬಿದರು. ತಾಯಿಬೆಕ್ಕುಗಳು ಮರಿಗಳನ್ನು ಆಗಾಗ್ಗೆ ಜಾಗ ಬದಲಿಸುವುದನ್ನು ನಮ್ಮ ಮನೆಗಳ ಅಟ್ಟದಲ್ಲಿಯೂ ಕಾಣುತ್ತೇವೆ. ಅಲ್ಲದೆ ಸೆಪ್ಟೆಂಬರ್ 7ರಿಂದ ಪ್ರತಿರಾತ್ರಿಯೂ ನಗರದ ಮೇಲೆ ದಾಳಿ ನಡೆಯುತ್ತಿತ್ತು. ದೇವರ ಮಾತನ್ನು ಬದಿಗಿಟ್ಟರೂ, ಬೆಂಕಿ ಉರಿಯುವ ಕಟ್ಟಡದಡಿ ಮರಿಯನ್ನು ಬಿಟ್ಟು ಓಡದೆ ಕುಳಿತ ಆ ತಾಯಿಯ ಹಿರಿಮೆ ಕುಗ್ಗುವುದಿಲ್ಲ. ಪ್ರಾಣಿಗಳ ಶೌರ್ಯಕ್ಕೆಂದೇ ಇರುವ ಡಿಕಿನ್ ಪದಕ ಸೇನೆ ಮತ್ತು ನಾಗರಿಕ ರಕ್ಷಣಾ ಸೇವೆಯಲ್ಲಿದ್ದ ಪ್ರಾಣಿಗಳಿಗೆ ಮೀಸಲಾಗಿದ್ದುದರಿಂದ, ಅದರ ಸ್ಥಾಪಕಿ ಮರಾಯ ಡಿಕಿನ್ ಅವರು 1945ರಲ್ಲಿ ಫೇತ್‌ಗಾಗಿ ಪ್ರತ್ಯೇಕ ಬೆಳ್ಳಿ ಪದಕವನ್ನು ಕೊಟ್ಟರು. ಅದು 1948ರಲ್ಲಿ ಸತ್ತಿತು. ಡಿಕಿನ್ ಪದಕ ಪಡೆದ ಒಂದೇ ಬೆಕ್ಕು, 1949ರಲ್ಲಿ ಯಾಂಗ್‌ಟ್ಸಿ ನದಿಯಲ್ಲಿ ಗುಂಡೇಟು ತಿಂದ ಅಮೆಥಿಸ್ಟ್ ಯುದ್ಧನೌಕೆಯ ಸೈಮನ್. ಗಾಯಗೊಂಡ ಮೇಲೂ ಅದು ನೌಕೆಯ ಇಲಿಗಳನ್ನು ಬೇಟೆಯಾಡಿ ಆಹಾರ ದಾಸ್ತಾನನ್ನು ಕಾಯಿತು.

ಪ್ರಶ್ನೆ: ನಾವು ಲಂಡನ್ನಿನಲ್ಲಿಯೇ ಇರುವ ಕನ್ನಡಿಗರು. ಮಕ್ಕಳಿಗೆ ಇವುಗಳ ಗುರುತುಗಳನ್ನು ಎಲ್ಲಿ ತೋರಿಸಬಹುದು?

ಗಫ್ ಸ್ಕ್ವೇರಿನ ಜಾನ್ಸನ್ನರ ಮನೆಯಿಂದ ಆರಂಭಿಸಿರಿ. ನಿಘಂಟಿನ ಮೇಲೆ, ಆಯ್‌ಸ್ಟರ್ ಚಿಪ್ಪುಗಳೊಂದಿಗೆ ಕುಳಿತ ಹಾಜ್‌ನ ಕಂಚಿನ ಪ್ರತಿಮೆಯನ್ನು 1997ರಲ್ಲಿ ಆ ಮನೆಯ ಎದುರು ನಿಲ್ಲಿಸಿದ್ದಾರೆ. ಜಾನ್ಸನ್ ಆ ಮನೆ ಬಿಟ್ಟದ್ದು 1759ರಲ್ಲಿ, ಬಾಸ್ವೆಲ್ ಅವರಿಗೆ ಪರಿಚಯವಾದದ್ದು 1763ರಲ್ಲಿ. ಆದ್ದರಿಂದ ಬಾಸ್ವೆಲ್ ಹಾಜ್‌ನನ್ನು ಕಂಡದ್ದು ಬೇರೆ ಮನೆಯಲ್ಲಿ ಎಂಬುದನ್ನು ಮಕ್ಕಳಿಗೆ ತಿಳಿಸಿರಿ. ಅಲ್ಲಿಂದ ಪೂರ್ವಕ್ಕೆ ನಡೆದರೆ ಸೇಂಟ್ ಪಾಲ್ಸ್; ಅದರ ಪಕ್ಕದಲ್ಲಿಯೇ ಫೇತ್ ಇದ್ದ ಚರ್ಚಿನ ಗೋಪುರ ಮಾತ್ರ ಉಳಿದು, ಈಗ ಮಹಾಚರ್ಚಿನ ಶಾಲೆಯ ಭಾಗವಾಗಿದೆ. ಹೈಗೇಟ್ ಗುಡ್ಡದಲ್ಲಿ ವಿಟಿಂಗ್ಟನ್ನರ ನೆನಪಿನ ಕಲ್ಲಿನ ಮೇಲೆ 1964ರಲ್ಲಿ ಕೂರಿಸಿದ ಬೆಕ್ಕಿದೆ. ಸೈಮನ್‌ನ ಸಮಾಧಿ ಇಲ್‌ಫರ್ಡಿನ ಪ್ರಾಣಿಗಳ ಸ್ಮಶಾನದಲ್ಲಿದೆ. ಬ್ರಿಟಿಷ್ ಮ್ಯೂಸಿಯಮ್ಮಿನ ಮುಖ್ಯದ್ವಾರಕ್ಕೆ ಹೋದಾಗ, 1909ರಿಂದ 1929ರವರೆಗೆ ಆ ದ್ವಾರವನ್ನು ಕಾದ ಮೈಕ್ ಎಂಬ ಬೆಕ್ಕನ್ನೂ, ಅದರ ಬಗ್ಗೆ ಕಿರುಹೊತ್ತಗೆಯನ್ನೇ ಬರೆದ ಈಜಿಪ್ಟ್ ವಿದ್ವಾಂಸ ವಾಲಿಸ್ ಬಡ್ಜ್ ಅವರನ್ನೂ ನೆನೆಯಿರಿ. ಅಂಚೆ ಬೆಕ್ಕುಗಳ ಮೂಲ ಕಡತಗಳನ್ನು ನೋಡುವ ಆಸೆಯಿದ್ದರೆ, ಕ್ಲರ್ಕನ್‌ವೆಲ್ ಭಾಗದಲ್ಲಿ 2017ರಲ್ಲಿ ತೆರೆದ ಅಂಚೆ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಕಡತಗಳು ಪ್ರದರ್ಶನದ ಕೋಣೆಗಳಲ್ಲಿ ಇರುವುದಿಲ್ಲ, ದಾಖಲೆ ವಿಭಾಗದಲ್ಲಿರುತ್ತವೆ. ಆದ್ದರಿಂದ ಯಾವುದನ್ನು ನೋಡಬೇಕೆಂದಿದ್ದೀರಿ ಎಂಬುದನ್ನು ಮುಂಚಿತವಾಗಿಯೇ ಅವರಿಗೆ ಬರೆದು ತಿಳಿಸಿ ಹೋಗಿರಿ.